ಮರಿಗಳು ಒರೆಸಿದ ಬಾಗಿಲು

೧೯೭೩ನೇ ಇಸವಿ, ಸಂಕ್ರಾಂತಿ ಕಳೆದ ಭಾನುವಾರ, ಬೆಳಿಗ್ಗೆ ಏಳು ಗಂಟೆ. ಸ್ಥಳ: ಹೊಸದುರ್ಗ ತಾಲ್ಲೂಕು, ಮಾಡದಕೆರೆ ಹೋಬಳಿಯ ಒಂದು ಹಳ್ಳಿ, ಕುರಿ ಸಾಕುವವರ ಮನೆಯ ಅಂಗಳ. ಹಾಜರಿದ್ದವರು: ಮನೆಯ ಅಜ್ಜಿ, ಅವರ ಕಿರಿಯ ಸೊಸೆ, ಮುಂದಿನ ಕೋಣೆಯ ಬಾಡಿಗೆದಾರಳಾದ ನಾನು, ಮತ್ತು ಗೋಡೆಗೆ ಒರಗಿಸಿದ್ದ ಎರಡು ಹೊಸ ಬೇವಿನ ಕದಗಳು. ಅಜ್ಜಿಯ ಹಿರಿಯ ಮಗ ಕುರಿಗಳ ಜೊತೆ ಹೊಲದಲ್ಲಿದ್ದ. ಕಿರಿಯ ಮಗ, ಅಂದರೆ ಈ ಸೊಸೆಯ ಗಂಡ, ಚಿಕ್ಕಜಾಜೂರಿನಲ್ಲಿ ರೈಲ್ವೆ ಗ್ಯಾಂಗಿನ ಡ್ಯೂಟಿಯ ಮೇಲಿದ್ದುದರಿಂದ ಗೈರುಹಾಜರು.

ಹೀಗೆ ಶುರುಮಾಡುವುದು ನನಗೆ ಅಂಟಿಕೊಂಡ ಅಭ್ಯಾಸ. ನರ್ಸಿಂಗ್ ತರಬೇತಿಯಲ್ಲಿ ನಮ್ಮ ಮೇಟ್ರನ್, ಯಾವ ದಿನ, ಯಾವ ಹೊತ್ತು, ಯಾರಿದ್ದರು ಎಂದು ಹೇಳದೆ ಯಾವ ವರದಿಯನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ವಾರ್ಡಿನಲ್ಲಿ ಬೆಂಕಿ ಬಿದ್ದಿದ್ದರೂ ಮೊದಲು ಅದನ್ನು ಹೇಳಿ ಆಮೇಲೆ ನೀರು ಕೇಳಬೇಕಾಗಿತ್ತೇನೋ. ಈಗಲೂ ನಾನು ಬೆಳಿಗ್ಗೆ ಐದಕ್ಕೆ ಎದ್ದು ಹಾಸಿಗೆಯ ಚಾದರದ ಮೂಲೆ ಮಡಿಸಿಯೇ ಕಾಫಿಗೆ ಹೋಗುವುದು. ಮನೆಯಲ್ಲಿ ಮೊಮ್ಮಕ್ಕಳು ಇದನ್ನು ನೋಡಿ ನಗುತ್ತಾರೆ. ನಗಲಿ. ಆ ಭಾನುವಾರ ನಾನು ಎಷ್ಟು ನಕ್ಕಿದ್ದೆನೆಂದು ಅವರಿಗೆ ಗೊತ್ತಿಲ್ಲ.

ಆಗ ನನಗೆ ಇಪ್ಪತ್ತಾರೋ ಇಪ್ಪತ್ತೇಳೋ. ಸುತ್ತಲ ಹಳ್ಳಿಗಳ ಹೆರಿಗೆ, ಚುಚ್ಚುಮದ್ದು, ಕೂಸುಗಳ ತೂಕ ನನ್ನ ಕೆಲಸ. ಭಾನುವಾರ ಬಿಡುವು. ಬಿಡುವಿನ ದಿನ ಕೈ ಸುಮ್ಮನಿರುತ್ತಿರಲಿಲ್ಲ. ಹಾಗಾಗಿ ಆ ಮನೆಗೆ ಹೊಸ ಬಾಗಿಲು ಬರುತ್ತದೆಂದು ತಿಳಿದ ಕೂಡಲೇ, ಅದಕ್ಕೆ ಬಣ್ಣ ನಾನು ಹಾಕಿಕೊಡುತ್ತೇನೆಂದು ಮುಂದಾಗಿಯೇ ಹೇಳಿಟ್ಟಿದ್ದೆ.

ಬಣ್ಣದ ವಿದ್ಯೆ ನಮ್ಮಪ್ಪನದು. ಚಿತ್ರದುರ್ಗದಲ್ಲಿ ಮೇಜು, ಕುರ್ಚಿ, ಬೀರುಗಳಿಗೆ ಪಾಲಿಶ್ ಹಾಕುವ ಕೆಲಸ ಅವರದ್ದು. ಅಂಗಡಿಗಳಿಗೆ ಡಬ್ಬಿ ಬಣ್ಣ ಬಂದ ಮೇಲೂ ಅವರು ಮಣ್ಣಿನ ಬಣ್ಣ ಬಿಡಲಿಲ್ಲ. ಡಬ್ಬಿಯದ್ದು ಬಳಿದರೆ ಒಳಗಿರುವುದು ಬೇವೋ ಹೊನ್ನೆಯೋ ತನಗೇ ಗುರುತು ಸಿಗುವುದಿಲ್ಲ ಎಂದು ಗೊಣಗುತ್ತಿದ್ದರು. ಭಾನುವಾರ ನಮ್ಮನ್ನು ಕರೆದುಕೊಂಡು ಗುಡ್ಡದ ಬುಡಗಳಲ್ಲಿ ಅಡ್ಡಾಡಿ, ಕೆಂಪು, ಹಳದಿ, ಕಾಫಿಪುಡಿಯಂಥ ಕಂದು ಹೆಂಟೆಗಳನ್ನು ಆರಿಸುತ್ತಿದ್ದರು. ಕುಟ್ಟಿದ ಮಣ್ಣನ್ನು ನೀರಿನಲ್ಲಿ ಕದಡಿ, ಮರಳು ತಳಕ್ಕೆ ಕೂತ ಮೇಲೆ ಮೇಲಿನ ಬಣ್ಣದ ನೀರನ್ನು ಬೇರೆ ಬೋಗುಣಿಗೆ ಬಗ್ಗಿಸಿ ಒಣಗಿಸುವುದು. ಒಣಗಿದ್ದನ್ನು ಹಳೆಯ ಪಂಚೆಯಲ್ಲಿ ಸೋಸಿ, ಅಗಸೆ ಎಣ್ಣೆಯ ಜೊತೆ ನುಣ್ಣಗೆ ಅರೆಯುವುದು. ಮರಕ್ಕೆ ಅದನ್ನು ದಪ್ಪಗೆ ಬಳಿದು ಸುಮ್ಮನೆ ಬಿಡಬೇಕು. ಮರ ತನಗೆ ಬೇಕಾದಷ್ಟು ಕುಡಿದ ಮೇಲೆ, ಉಳಿದದ್ದನ್ನು ಬಟ್ಟೆಯಿಂದ ಮರದ ಎಳೆಯ ಉದ್ದಕ್ಕೂ ಒರೆಸಿ ತೆಗೆಯಬೇಕು. ಅಡ್ಡಡ್ಡ ಒರೆಸಿದರೆ ಅಪ್ಪ ಬೆರಳಿನ ಗೆಣ್ಣಿಗೆ ಕುಂಚದ ಹಿಡಿಯಿಂದ ಒಂದು ಬಿಡುತ್ತಿದ್ದರು. ಮೇಟ್ರನ್ ಕೈಗೆ ಸಿಗುವ ಮೊದಲೇ ನಾನು ಅರ್ಧ ತಯಾರಾಗಿದ್ದೆ ಎನ್ನಬೇಕು.

ಸೊಸೆಯ ತವರು ಹಿರಿಯೂರು ಕಡೆ, ಮಾರಿಕಣಿವೆ ಅಣೆಕಟ್ಟಿನ ಹತ್ತಿರ. ಮದುವೆಯಲ್ಲಿ ತವರಿನವರು ಅವಳಿಗೆ ಬಳುವಳಿಯಾಗಿ ಕೆಲವು ಕುರಿ ಕೊಟ್ಟಿದ್ದರು. ಅವು ಅವಳವು, ಅವುಗಳ ಮರಿಗಳೂ ಅವಳವು. ಆದರೆ ಅವು ಮೇಯುವುದು ಮನೆಯ ಕುರಿಗಳ ಜೊತೆ ಒಂದೇ ಮಂದೆಯಲ್ಲಿ. ಹಾಗಾಗಿ ಗುರುತು ಬೇಕು. ಈ ಮನೆಯ ಗುರುತು ಕುತ್ತಿಗೆಯ ಮೇಲೆ ಜಾಜು, ಅಂದರೆ ಕೆಮ್ಮಣ್ಣು. ಅವಳ ತವರಿನ ಗುರುತು ಹಿಂದಿನ ತೊಡೆಯ ಮೇಲೆ ಹಳದಿ ಮಣ್ಣು. ಅಣೆಕಟ್ಟಿನ ಹಿಂದಿನ ಗುಡ್ಡದಲ್ಲಿ ಸಿಗುವ ಆ ಹಳದಿಯನ್ನು ಅವಳ ಸೋದರಮಾವ ವರ್ಷಕ್ಕೊಮ್ಮೆ ಗಂಟುಕಟ್ಟಿ ತಂದುಕೊಡುತ್ತಿದ್ದ. ಅದೇ ಗಂಟಿನಿಂದ ಅವಳು ಬಾಗಿಲಿಗೂ ಒಂದಿಷ್ಟು ತೆಗೆದುಕೊಟ್ಟಳು. ಕದ ಹಳದಿ, ಚೌಕಟ್ಟು ಕೆಂಪು ಎಂದು ನಾವಿಬ್ಬರೂ ಗೊತ್ತುಮಾಡಿಕೊಂಡಿದ್ದೆವು. ಮಿಕ್ಕ ಹಳದಿ ಮರಿಗಳಿಗೆ. ಯಾಕೆಂದರೆ ಅವತ್ತು ಸಂಜೆಯೇ ಅವಳ ಭಾವ, ಅಂದರೆ ಅಜ್ಜಿಯ ಹಿರಿಯ ಮಗ, ಮಂದೆ ಹೊಡೆದುಕೊಂಡು ಹೊಳಲ್ಕೆರೆ ಕಡೆಗೆ ಹೊರಡುವವನಿದ್ದ. ಕೊಯ್ಲಾದ ಹೊಲಗಳಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬಿಸಿ, ಊರೂರು ತಿರುಗಿ, ಮುಂಗಾರಿನ ಹೊತ್ತಿಗೆ ವಾಪಸು. ಆ ವರ್ಷ ಹುಟ್ಟಿದ ಮರಿಗಳ ಮೇಲೆ ಇನ್ನೂ ಯಾರ ಗುರುತೂ ಇರಲಿಲ್ಲ.

"ಗುರುತು ಇದ್ರೆ ನಿಂದು, ಇಲ್ದಿದ್ರೆ ಮನೇದು" ಎಂದು ಭಾವ ಹಿಂದಿನ ದಿನವೇ ಹೇಳಿದ್ದ. "ವಾಪಸ್ ಬರೋ ಹೊತ್ಗೆ ಅವು ಗುಂಡ್ಕಲ್ಲಂಗೆ ಬೆಳ್ದಿರ್ತಾವೆ. ಯಾವುದು ಯಾರ ಹೊಟ್ಟೇದು ಅಂತ ನನಗೆ ನೆಪ್ಪಿರಲ್ಲ. ಆಮೇಲೆ ನನ್ ಕೇಳ್ಬ್ಯಾಡ." ಕೆಟ್ಟವನಲ್ಲ, ಜಗಳವಾಗದಿರಲೆಂದೇ ಅವನು ಹಾಗೆ ಹೇಳುತ್ತಿದ್ದುದು.

ಸೊಸೆಗೆ ಆ ಮರಿಗಳೆಂದರೆ ಹೊಲಿಗೆ ಮೆಷಿನ್. ಹೊಸದುರ್ಗದ ಪೇಟೆಯಲ್ಲಿ ದರ್ಜಿಯೊಬ್ಬನ ಹತ್ತಿರ ಕೈಯಲ್ಲಿ ತಿರುಗಿಸುವ ಮೆಷಿನ್ ಕಂಡಾಗಿನಿಂದ ಅವಳಿಗೆ ಬೇರೆ ಧ್ಯಾನವಿರಲಿಲ್ಲ. ಮರಿ ಬೆಳೆಯುವುದು, ಮಾರುವುದು, ಮೆಷಿನ್ ತರುವುದು. ರಾಗಿ ಬೀಸುವಾಗ ಬೀಸುಕಲ್ಲಿನ ಗೂಟ ಹಿಡಿದು ಬಾಯಲ್ಲಿ ಟಕಟಕ ಟಕಟಕ ಎನ್ನುತ್ತಿದ್ದಳು. ಗೋಡೆಯಾಚೆ ನನ್ನ ಕೋಣೆಗೆ ಅದು ಕೇಳಿಸುತ್ತಿತ್ತು. ಎಷ್ಟೋ ಬೆಳಿಗ್ಗೆ ಅದೇ ನನ್ನ ಗಡಿಯಾರ.

ಸರಿ, ಏಳು ಗಂಟೆಗೆ ಬಳಿಯಲು ಕೂತೆವು. ನಾನು ಒಂದು ಕದ, ಅವಳು ಒಂದು ಕದ.

"ನರ್ಸಮ್ಮಾರೇ, ಇಷ್ಟು ದಪ್ಪ ಬಳೀತೀರಲ್ರಿ. ಬಾಗ್ಲಿಗೆ ಹೂರ್ಣ ಮೆತ್ತಿದಂಗೈತೆ."

"ಬಳಿ. ಕುಡಿಯೋವಷ್ಟು ಕುಡೀಲಿ. ಆಮೇಲೆ ಒರೆಸಿ ತೆಗೆಯೋದು."

ಜಗಲಿಯ ಮೇಲೆ ಕೂತಿದ್ದ ಅಜ್ಜಿ ಇದನ್ನು ಕೇಳಿಸಿಕೊಂಡು, "ಒರೆಸೋದಾದ್ರೆ ಬಳಿಯೋದ್ಯಾಕೆ ತಾಯಿ" ಎಂದರು.

"ತಲೆಗೆ ಎಣ್ಣೆ ಹಚ್ಕೊಂಡು ಆಮೇಲೆ ತೊಳ್ಕೊಳಲ್ವಾ ಅಜ್ಜಿ? ಹಂಗೆ."

"ನನ್ ತಲೇಲಿ ಕೂದ್ಲು ಎಲ್ಲೈತೆ, ನಂಗೆ ಹೆಂಗೆ ಗೊತ್ತಾಗ್ಬೇಕು."

ಅಜ್ಜಿಯ ಕಣ್ಣೆಲ್ಲ ಬಾಗಿಲ ಮೇಲೆಯೇ ಇತ್ತು. ಅವರಿಗೆ ಏನೋ ಸಮಾಧಾನವಿರಲಿಲ್ಲ. ಅದು ಏನೆಂದು ಆಗ ನಮಗೆ ತಿಳಿಯಲಿಲ್ಲ. ಬಳಿದು ಮುಗಿಸಿ, ಮರ ಎಣ್ಣೆ ಕುಡಿಯುತ್ತಿರಲಿ ಎಂದು ಬಿಟ್ಟು, ನಾವಿಬ್ಬರೂ ಕೈ ತಿಕ್ಕಿ ತೊಳೆಯಲು ತೋಟದ ಬಾವಿಗೆ ಹೋದೆವು. ಎಣ್ಣೆ ಬಣ್ಣ ಕೈಯಿಂದ ಸುಲಭಕ್ಕೆ ಬಿಡುವುದಿಲ್ಲ. ಸೀಗೆಪುಡಿ ಹಾಕಿ ಉಜ್ಜಿದೆವು, ಬೂದಿ ಹಾಕಿ ಉಜ್ಜಿದೆವು. ಅವಳು ಮೆಷಿನ್ನಿನ ಮೊದಲ ಕುಪ್ಪಸ ಯಾರಿಗೆ ಹೊಲಿಯುವುದೆಂದು ಲೆಕ್ಕ ಹಾಕುತ್ತಿದ್ದಳು. ಮೊದಲು ತನಗೆ, ಆಮೇಲೆ ನನಗೆ, ಆಮೇಲೆ ಅತ್ತೆಗೆ.

ವಾಪಸು ಬಂದಾಗ ಅಂಗಳದಲ್ಲಿ ವಿಚಿತ್ರ ವಾಸನೆ. ಕಾದ ನೆಲಕ್ಕೆ ಮಳೆಹನಿ ಬಿದ್ದಾಗಿನ ವಾಸನೆ, ಆದರೆ ಮಳೆಯಿಲ್ಲ. ಒಳಗೆ ಅಜ್ಜಿ ಒಲೆಯ ಮುಂದೆ ಕೂತು, ದೊಡ್ಡ ಮಣ್ಣಿನ ಓಡಿನ ಮೇಲೆ ಸಟುಗದಿಂದ ಏನನ್ನೋ ಕೈಯಾಡಿಸುತ್ತಿದ್ದರು.

"ಏನು ಹುರೀತಿದೀರಜ್ಜಿ?"

"ಇನ್ನೇನು, ನಿಮ್ ಮಣ್ಣು" ಎಂದರು, ದೊಡ್ಡ ಉಪಕಾರ ಮಾಡಿದ ದನಿಯಲ್ಲಿ.

ಆ ಮನೆಯಲ್ಲಿ ಒಂದು ಕಟ್ಟಳೆ. ಹೊರಗಿನಿಂದ ಬಂದ ಮಣ್ಣು ಒಲೆಯ ಶಾಖ ಕಾಣದೆ ಮನೆಯ ಮರಮುಟ್ಟಿನ ಹತ್ತಿರ ಹೋಗಬಾರದು. ಗೆದ್ದಲಿನ ಮೊಟ್ಟೆ ಇರುತ್ತದೆ ಎಂಬ ಭಯ. ಹಳೆಯ ಬಾಗಿಲು ಗೆದ್ದಲು ತಿಂದೇ ಹೋಗಿದ್ದು. ನಾವು ಹಸಿ ಮಣ್ಣನ್ನೇ ಹೊಸ ಕದಕ್ಕೆ ಬಳಿಯುವುದನ್ನು ಅಜ್ಜಿ ಹಲ್ಲುಕಚ್ಚಿ ನೋಡಿದ್ದರು. ಓದಿದವಳು ಮಾಡುತ್ತಿದ್ದಾಳೆ, ಇರಲಿ ಎಂದು ಸುಮ್ಮನಿದ್ದರು. ನಾವು ಬಾವಿಗೆ ಹೋದ ಕೂಡಲೇ, ಮಿಕ್ಕ ಮಣ್ಣನ್ನಾದರೂ ಉಳಿಸೋಣ ಎಂದು ಇಡೀ ಗಂಟು ಬಿಚ್ಚಿ ಓಡಿಗೆ ಸುರಿದಿದ್ದರು.

ಸೊಸೆ ಬಗ್ಗಿ ನೋಡಿದಳು. "ಅತ್ತೇ, ಇದು ಕೆಂಪಗೈತೆ. ನನ್ ಹಳದಿ ಎಲ್ಲಿ?"

"ಇದೇ ಕಣೇ. ಹುರಿದಂಗೆ ಹುರಿದಂಗೆ ನಾಚ್ಕಂಡು ಕೆಂಪಗಾತು. ನಾನೂ ಅದನ್ನೇ ನೋಡ್ತಾ ಕುಂತೀನಿ. ಚಂದ ಆಗೈತಲ್ಲ?"

ನನಗೆ ನಗು ತಡೆಯಲಾಗಲಿಲ್ಲ. ಹಳದಿ ಮಣ್ಣು ಬೆಂದರೆ ಕೆಂಪಾಗುತ್ತದೆ. ಅಪ್ಪ ಬೇಕೆಂದೇ ಸುಡುತ್ತಿದ್ದರು. ಸುಟ್ಟ ಹಳದಿಯಿಂದ ಬರುವ ಕೆಂಪು ಹುಟ್ಟುಕೆಂಪಿಗಿಂತ ಹದವಾಗಿರುತ್ತದೆ ಎಂದು ಒಳ್ಳೆಯ ಬೀರುಗಳಿಗೆ ಅದನ್ನೇ ಬಳಸುತ್ತಿದ್ದರು. ಅಜ್ಜಿ ಓಡಿನ ಮೇಲೆ ಮಾಡಿದ್ದು ಅಪ್ಪನ ಕೈಗೂ ಸಲೀಸಾಗಿ ಬರದಂಥ ಹದ. ನಗುತ್ತ ಸೊಸೆಯ ಕಡೆ ತಿರುಗಿದೆ. ಅವಳು ನಗುತ್ತಿರಲಿಲ್ಲ. ಆಗ ನನ್ನ ತಲೆಗೆ ಹೊಳೆಯಿತು. ಕೆಂಪು ಈ ಮನೆಯ ಗುರುತು. ಅವಳ ಗುರುತು ಓಡಿನ ಮೇಲೆ ಬೆಂದುಹೋಗಿದೆ. ಬೆಂದದ್ದನ್ನು ಮತ್ತೆ ಹಳದಿ ಮಾಡುವ ಉಪಾಯ ಅಪ್ಪನಿಗೂ ಗೊತ್ತಿರಲಿಲ್ಲ.

"ಸಂಜಿಗೆ ಮಂದೆ ಹೊಂಡ್ತೈತೆ" ಎಂದಳು ಮೆಲ್ಲಗೆ. ಅಜ್ಜಿಯ ಕೈಯಲ್ಲಿದ್ದ ಸಟುಗ ನಿಂತಿತು. ಏನಾಯಿತೆಂದು ಅವರಿಗೂ ಅರ್ಥವಾಯಿತು.

ಮಧ್ಯಾಹ್ನಕ್ಕೆ ಭಾವ ಕುರಿ ಹೊಡೆದುಕೊಂಡು ಬಂದ. ಓಡಿನಲ್ಲಿದ್ದ ಕೆಂಪು ನೋಡಿದ, ತಮ್ಮನ ಹೆಂಡತಿಯ ಮುಖ ನೋಡಿದ, ತಾಯಿಯ ಮುಖ ನೋಡಿದ. ಅಜ್ಜಿ ಸಟುಗವನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಿದ್ದರು, ಸಾಕ್ಷಿ ಸಿಗದಿರಲಿ ಎಂಬಂತೆ.

"ಅರಿಶ್ಣ ಹಚ್ಚಾಣ" ಎಂದರು ಅಜ್ಜಿ.

"ಎರಡು ದಿನ ಬಿಸ್ಲು ಕಂಡ್ರೆ ಅರಿಶ್ಣ ಎಲ್ಲಿರ್ತೈತವ್ವ? ಮರಿಗಳಿಗೇನು ಮದ್ವೆನಾ?"

"ಸುಣ್ಣ?"

"ಸುಣ್ಣ ನಮ್ ಜೊತೆ ಬರೋ ಆಚೆ ಕೇರಿಯೋರ ಗುರುತು. ಮುಂಗಾರಿಗೆ ಅವರ ಹಟ್ಟೀಗೇ ಹೋಗ್ತಾವೆ. ಮಸಿ ಅನ್ಬ್ಯಾಡ, ಮಸಿ ನಮ್ ಮಾವಂದು."

ಆಗ ಮರಿಗಳ ಗೂಡಿನೊಳಗಿಂದ ಒಂದು ಕರಿ ಮರಿ ತಪ್ಪಿಸಿಕೊಂಡು ಬಂತು. ಅದು ಮನೆಯ ಕುರಿಯ ಮರಿ, ಊರಿಗೆಲ್ಲ ಗೊತ್ತಿದ್ದ ಪುಂಡ. ಅಂಗಳದಲ್ಲಿ ಒಂದು ಸುತ್ತು ಕುಣಿದು, ಹಿಂಬದಿಗೆ ಏನು ಕಡಿಯಿತೋ, ಸೀದಾ ಹೋಗಿ ಹೊಸ ಕದಕ್ಕೆ ತಿಕ ತಿಕ್ಕಿತು. ಎಡಕ್ಕೊಂದು ಸಲ, ಬಲಕ್ಕೊಂದು ಸಲ, ಕಣ್ಣು ಅರ್ಧ ಮುಚ್ಚಿಕೊಂಡು. ತಿರುಗಿ ಬಂದಾಗ ಅದರ ಹಿಂದಿನ ತೊಡೆಯ ಮೇಲೆ ಬಂಗಾರದಂಥ ಹಳದಿ ಪಟ್ಟೆ.

ಸೊಸೆ ಮತ್ತು ನಾನು ಒಬ್ಬರನ್ನೊಬ್ಬರು ನೋಡಿದೆವು. ಬಾಗಿಲ ಮೇಲೆ ಹೂರಣದಂತೆ ಮೆತ್ತಿದ್ದು, ಹೇಗೂ ಒರೆಸಿ ತೆಗೆಯಬೇಕಾಗಿದ್ದದ್ದು, ಅವಳ ತವರಿನ ಹಳದಿಯೇ ಅಲ್ಲವೇ. ಬಟ್ಟೆಯಿಂದ ಒರೆಸಿದರೆ ಬಟ್ಟೆಗೆ ಹೋಗುತ್ತದೆ. ಮರಿಯಿಂದ ಒರೆಸಿದರೆ ಮರಿಗೆ.

"ಮಾತಾಡ್ಕಂತ ನಿಂತ್ರೆ ಎಣ್ಣೆ ಒಣಗ್ತೈತೆ, ಬರ್ರಿ" ಎಂದು ಅವಳು ಸೆರಗು ಕಟ್ಟಿದಳು.

ಮೊದಲು ಮರಿಗಳನ್ನು ಬೇರ್ಪಡಿಸಬೇಕು. ಅದಕ್ಕೆ ಭಾವನೇ ಗೂಡಿನ ಬಾಗಿಲು ತೆಗೆದ. ಮರಿಗಳೆಲ್ಲ ನುಗ್ಗಿ ತಂತಮ್ಮ ತಾಯಿಯ ಕೆಚ್ಚಲಿಗೆ ಬಾಯಿ ಹಾಕಿದವು. ಹಳದಿ ತೊಡೆಯ ತಾಯಿಯ ಹತ್ತಿರ ಬಾಲ ಅಲ್ಲಾಡಿಸುತ್ತ ನಿಂತವು ಸೊಸೆಯವು. ಅದರಲ್ಲಿ ಯಾರಿಗೂ ತಕರಾರಿಲ್ಲ. ಹಾಲು ಕುಡಿಯುತ್ತಿದ್ದವನ್ನೇ ಕಿತ್ತು ತಂದೆವು. ಕೂಸುಗಳನ್ನು ತೂಕದ ತಕ್ಕಡಿಗೆ ಇಡುವ ಹಿಡಿತ ನನಗೆ ಗೊತ್ತಿತ್ತು. ಒಂದು ಕೈ ಎದೆಯ ಕೆಳಗೆ, ಒಂದು ಕೈ ಹೊಟ್ಟೆಯ ಕೆಳಗೆ. ಸೊಸೆ ಮುಂಗಾಲು ಹಿಡಿದಳು. ಮೊದಲ ಮರಿಯ ತೊಡೆಯನ್ನು ಕದಕ್ಕೆ ಒತ್ತಿ ಎಳೆದೆವು.

"ಎಳೆಯ ಉದ್ದಕ್ಕೆ" ಎಂದೆ ನಾನು. "ಮೇಲಿಂದ ಕೆಳಕ್ಕೆ. ಅಡ್ಡ ಒರೆಸಬಾರದು."

"ನರ್ಸಮ್ಮಾರೇ, ಇದು ಮರಿ ಕಣ್ರಿ, ಬಟ್ಟೆ ಅಲ್ಲ. ಅದು ಒದ್ದ ಕಡೆಗೆ ನಾವು ಹೋಗ್ಬೇಕು."

"ಆದರೂ ಉದ್ದಕ್ಕೆ."

ಆ ಮರಿ ಉದ್ದಕ್ಕೂ ಹೋಯಿತು, ಅಡ್ಡಕ್ಕೂ ಹೋಯಿತು, ಕೊನೆಗೆ ನನ್ನ ಸೊಂಟದ ಮೇಲೂ ಹೋಯಿತು. ನನ್ನ ಬಿಳಿ ಸೀರೆಯ ಮೇಲೆ ಮೊದಲ ಮುದ್ರೆ ಬಿತ್ತು. ಅಜ್ಜಿಗೆ ಉತ್ಸಾಹ ಬಂದುಬಿಟ್ಟಿತು. ತಪ್ಪಿಗೆ ಪ್ರಾಯಶ್ಚಿತ್ತ ಮಾಡುವವರಂತೆ ಮುಂದೆ ನಿಂತು, "ಇದನ್ನ ತಗಳ್ರಿ, ಅದನ್ನ ತಗಳ್ರಿ, ಈ ಕಡೆ ತೊಡೆಗೆ ಸರಿಯಾಗಿ ಬಿದ್ದಿಲ್ಲ, ಇನ್ನೊಂದ್ಸಲ ಒತ್ರಿ" ಎಂದು ಪೋಸ್ಟಾಫೀಸಿನಲ್ಲಿ ಮೊಹರು ಹೊಡೆಸುವವರ ಹಾಗೆ ಅಪ್ಪಣೆ ಕೊಡತೊಡಗಿದರು. ಮರಿಗಳ ಕೂಗು, ತಾಯಿಕುರಿಗಳ ಕೂಗು, ನಮ್ಮ ನಗು. ಒಂದು ಮರಿ ಜಾರಿ ನನ್ನ ಕಾಲ ನಡುವೆ ನುಸುಳಿತು. ನಾನು ಕೂತುಬಿದ್ದೆ. ಸೊಸೆ ನನ್ನನ್ನು ಎತ್ತಲು ಬಂದು ತಾನೂ ಕೂತುಬಿದ್ದಳು. ನೆಲದ ಮೇಲೆ ಕೂತು, ಮಡಿಲಲ್ಲಿ ಮರಿ ಹಿಡಿದುಕೊಂಡು ನಕ್ಕೆವು. ಏಳಲು ಹೋದಾಗಲೆಲ್ಲ ನಗು ಬಂದು ಮತ್ತೆ ಕೂರುತ್ತಿದ್ದೆವು. ಬೇಲಿಯಾಚೆ ಹೋಗುತ್ತಿದ್ದವನೊಬ್ಬ ನಿಂತು ನೋಡಿ, "ಏನಪ್ಪ, ನರ್ಸಮ್ಮ ಕುರಿಮರಿಗೂ ಚುಚ್ಚಾಕ್ತಾರಾ" ಎಂದು ಭಾವನನ್ನು ಕೇಳಿದ.

"ಇಲ್ಲಪ್ಪ, ಬಾಗ್ಲು ಒರೆಸ್ತಾವ್ರೆ" ಎಂದ ಭಾವ. ಆ ಮನುಷ್ಯ ಮುಂದೇನೂ ಕೇಳದೆ ಹೋದ.

ಕೊನೆಯ ಮರಿ ಇಳಿಸಿದಾಗ ಕದಗಳನ್ನು ದೂರ ನಿಂತು ನೋಡಿದೆ. ಮೆತ್ತಿದ್ದೆಲ್ಲ ಹೋಗಿ ಬೇವಿನ ಎಳೆಗಳು ಒಂದೊಂದಾಗಿ ಎದ್ದು ಕಾಣುತ್ತಿದ್ದವು, ಬಿಸಿಲಿಗೆ ಹಿಡಿದ ಜೇನಿನ ಹಾಗೆ. ಅಲ್ಲಲ್ಲಿ ಸಣ್ಣ ಉಣ್ಣೆಯ ಕೂದಲು ಅಂಟಿತ್ತು. ಬಟ್ಟೆಯಿಂದ ನಾನು ಅಷ್ಟು ಚೆನ್ನಾಗಿ ಒರೆಸುತ್ತಿದ್ದೆನೆಂದು ಹೇಳಲಾರೆ. ಸೊಸೆ ಕೂದಲನ್ನು ಆರಿಸಿ ತೆಗೆಯುತ್ತ, ಒಂದೆರಡನ್ನು ಬೇಕೆಂದೇ ಬಿಟ್ಟಳು.

ಮಧ್ಯಾಹ್ನದ ರೊಟ್ಟಿ ಆದಮೇಲೆ ಚೌಕಟ್ಟಿನ ಸರದಿ. ಸೊಸೆಯ ಗಂಡ ಚಿಕ್ಕಜಾಜೂರಿನಿಂದ ತಂದಿಟ್ಟ ಜಾಜು ಇತ್ತು. ಅದನ್ನು ಬದಿಗಿಟ್ಟು, ಅಜ್ಜಿ ಹುರಿದ ಕೆಂಪನ್ನೇ ಸೋಸಿ ಎಣ್ಣೆಯಲ್ಲಿ ಅರೆದೆ. ಚೌಕಟ್ಟಿಗೆ ಅದನ್ನು ಅಜ್ಜಿಯೇ ಬಳಿದರು. ಬೇಯಿಸಿದ ಮಣ್ಣು ಎಂಬ ಧೈರ್ಯ ಅವರಿಗೆ. ಕದದ ಹಳದಿ, ಚೌಕಟ್ಟಿನ ಕೆಂಪು, ಎರಡೂ ಒಂದೇ ಗುಡ್ಡದವು. ಅದಕ್ಕೇ ಇರಬೇಕು, ಒಂದರ ಪಕ್ಕ ಒಂದು ಹೊಂದಿಕೊಂಡು ಕೂತವು. ಈ ಸಲ ಒರೆಸಲು ಬಟ್ಟೆಯನ್ನೇ ಬಳಸಿದೆವು.

ಹೊತ್ತು ಇಳಿದಾಗ ಭಾವ ಕಂಬಳಿ ಹೆಗಲಿಗೆ ಹಾಕಿ, ಬುತ್ತಿ ಕಟ್ಟಿಕೊಂಡು, ಮಂದೆಯನ್ನು ಮುಳ್ಳುಬೇಲಿಯ ರೊಪ್ಪದಿಂದ ಒಂದೊಂದಾಗಿ ಬಿಡತೊಡಗಿದ. ಸೊಸೆ ಬೇಲಿಯ ಹತ್ತಿರ ನಿಂತಿದ್ದಳು. ಅವಳ ಕೈ ಗಟ್ಟಿಯಾಗಿ ಮುಳ್ಳುಗೂಟ ಹಿಡಿದಿತ್ತು. ಬಾಗಿಲಿನಿಂದ ಬಿದ್ದ ಗುರುತನ್ನು ಅವನು ಗುರುತೆನ್ನುತ್ತಾನೋ ಇಲ್ಲವೋ, ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಅವನು ಮೊದಲ ಹಳದಿ ಮರಿಯನ್ನು ಹಿಡಿದು, ಎಂಜಲು ಹಚ್ಚಿದ ಹೆಬ್ಬೆರಳಿನಿಂದ ತೊಡೆಯ ಮೇಲೆ ಜೋರಾಗಿ ತಿಕ್ಕಿದ. ಹೆಬ್ಬೆರಳು ನೋಡಿದ. ಮತ್ತೆ ತಿಕ್ಕಿದ.

"ಬಿಡಲ್ಲ ಇದು. ನನ್ ಜಾಜಿಗಿಂತ ಗಟ್ಟಿ ಐತೆ" ಎಂದ. "ಇದು ನಿಂದು."

ಒಂದೊಂದನ್ನೂ ಹಾಗೆಯೇ ಕೂಗಿ ಬಿಟ್ಟ. ಇದು ನಿಂದು, ಇದು ನಿಂದು. ಕೊನೆಗೆ ಬಂದದ್ದು ಆ ಕರಿ ಪುಂಡ, ತೊಡೆಯ ಮೇಲೆ ಎಲ್ಲಕ್ಕಿಂತ ಅಚ್ಚುಕಟ್ಟಾದ ಹಳದಿ ಪಟ್ಟೆ ಹೊತ್ತು. ಭಾವ ಅದರ ಕಿವಿ ಹಿಡಿದು ನಿಂತ.

"ಗುರುತು ಇದ್ರೆ ಅವಳ್ದು ಅಂದೋನು ನೀನೇ ಅಲ್ವೇನಲೇ" ಎಂದರು ಅಜ್ಜಿ, ಒಳಗಿನಿಂದ.

ಅವನು ತಲೆ ಕೆರೆದುಕೊಂಡ. ಮನೆಯ ಟಗರಿಗಿಂತ ಚೆನ್ನಾಗಿ ಬೆಳೆಯುವ ಮರಿ ಅದು. ಮಾತು ತಪ್ಪುವಂತಿರಲಿಲ್ಲ, ಬಿಟ್ಟುಕೊಡಲು ಮನಸ್ಸೂ ಇರಲಿಲ್ಲ. ಸೊಸೆ ಚೌಕಟ್ಟಿನ ಬಣ್ಣದ ಬಟ್ಟಲಿಗೆ ಬೆರಳು ಅದ್ದಿ ಬಂದು, ಆ ಮರಿಯ ಕುತ್ತಿಗೆಯ ಮೇಲೆ ಒಂದು ಕೆಂಪು ಗೆರೆ ಎಳೆದಳು.

"ಇದು ಮನೇದು" ಎಂದಳು. "ದಾರಿ ತೋರ್ಸಿದ್ದಕ್ಕೆ ಹಳದೀನೂ ಇಟ್ಕಳ್ಳಲಿ."

ಭಾವನ ಮುಖ ಸಡಿಲವಾಯಿತು. ಮರಿಯನ್ನು ಬಿಟ್ಟು ಕೋಲು ಎತ್ತಿಕೊಂಡ. ಆಗಲೇ ಅಜ್ಜಿ ಬುತ್ತಿಗೆ ಉಪ್ಪಿನಕಾಯಿ ಕೊಡಲು ಹೊರಗೆ ಬಂದು, ಕೊಟ್ಟು, ಒಳಗೆ ತಿರುಗಿದರು. ಅವರ ಸೀರೆಯ ಹಿಂದೆ, ಎಲ್ಲಿ ಯಾವಾಗ ಕದಕ್ಕೆ ಒರಗಿದ್ದರೋ, ಅಂಗೈ ಅಗಲದ ಹಳದಿ ಮುದ್ರೆ.

ಭಾವ ಅದನ್ನು ನೋಡಿ, ಬಹಳ ಗಂಭೀರವಾಗಿ, "ಅವ್ವಂದೂ ಗುರುತಾಗೈತೆ. ಇನ್ಮ್ಯಾಲೆ ಅವಳೂ ನಿಂದೇ" ಎಂದ.

"ಅದಕ್ಕೆ ಕೆಂಪು ಹಚ್ಚಲ್ಲ, ವಾಪಸ್ ಕೊಡಲ್ಲ" ಎಂದಳು ಸೊಸೆ.

ಅಜ್ಜಿ ತಿರುಗಿ ತಿರುಗಿ ತನ್ನ ಹಿಂಬದಿ ನೋಡಿಕೊಳ್ಳಲು ಹೋಗಿ ಅಂಗಳದಲ್ಲಿ ಒಂದು ಸುತ್ತು ಸುತ್ತಿದರು, ಥೇಟು ಆ ಕರಿ ಮರಿಯ ಹಾಗೆ. ಮಂದೆ ರಸ್ತೆಗಿಳಿದು ಧೂಳಿನಲ್ಲಿ ಕರಗುವವರೆಗೂ ನಾವು ನಗುತ್ತಲೇ ಇದ್ದೆವು. ಧೂಳಿನೊಳಗೆ ಚಿಕ್ಕ ಚಿಕ್ಕ ಹಳದಿ ಚುಕ್ಕೆಗಳು ಬಹಳ ದೂರದವರೆಗೆ ಕಾಣುತ್ತಿದ್ದವು. ಸೊಸೆ ಅವುಗಳತ್ತ ನೋಡುತ್ತ, ತನಗೇ ಗೊತ್ತಿಲ್ಲದೆ, ಬಾಯಲ್ಲಿ ಟಕಟಕ ಎನ್ನುತ್ತಿದ್ದಳು.

ಕೆಲಸ ಇನ್ನೂ ಒಂದು ಬಾಕಿಯಿತ್ತು. ಅಗಸೆ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ; ಅಪ್ಪ ಮೊದಲ ದಿನವೇ ಕಲಿಸಿದ್ದು ಅದು. ಚೌಕಟ್ಟು ಒರೆಸಿದ ಬಟ್ಟೆಗಳನ್ನೆಲ್ಲ ಒಟ್ಟುಮಾಡಿ, ಕಲ್ಲುಬಾನಿಯ ನೀರಿನಲ್ಲಿ ಅದ್ದಿ, ಅಂಗಳದ ಚಪ್ಪಡಿಯ ಮೇಲೆ ಒಂದಕ್ಕೊಂದು ತಾಗದಂತೆ ಹರಡಿ, ನಾಲ್ಕು ಮೂಲೆಗೂ ಕಲ್ಲು ಇಟ್ಟೆ. ಆಮೇಲೆ ಕೈ ತೊಳೆದುಕೊಂಡೆ.